1582ರ ಆ ಹತ್ತು ದಿನ: ಕಳೆದವೋ, ಬಿಟ್ಟವೋ, ಹಾರಿದವೋ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಇಸವಿಗೊಂದು ಪುಟದಂತೆ ಸಣ್ಣ ಚರಿತ್ರೆ ಬರಹಗಳನ್ನು ಮಾಡುತ್ತಿದ್ದೇನೆ. ಈಗ 1582ರ ಸರದಿ. ಬೇರೆಲ್ಲ ಸಲೀಸಾಗಿ ಬಂತು, ಒಂದು ಕ್ರಿಯಾಪದ ಮಾತ್ರ ಸಿಗುತ್ತಿಲ್ಲ.

ಆ ವರ್ಷ ಫೆಬ್ರವರಿ 24ರಂದು ಪೋಪ್ 13ನೇ ಗ್ರೆಗರಿ ಕ್ಯಾಲೆಂಡರ್ ತಿದ್ದುವ ಆಜ್ಞೆ ಹೊರಡಿಸಿದರು. ಅದುವರೆಗೆ ಬಳಕೆಯಲ್ಲಿದ್ದ ಜೂಲಿಯನ್ ಲೆಕ್ಕದ ವರ್ಷ ನಿಜವಾದ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಅದು ಸೇರುತ್ತಾ ಸೇರುತ್ತಾ, ಹಗಲು ರಾತ್ರಿ ಸಮ ಇರುವ ದಿನ ಮಾರ್ಚ್ 21ರಿಂದ ಹಿಂದೆ ಸರಿದು ಮಾರ್ಚ್ 11ಕ್ಕೆ ಬಂದಿತ್ತು. ಈಸ್ಟರ್ ಹಬ್ಬದ ಲೆಕ್ಕ ನಿಂತಿದ್ದೇ ಮಾರ್ಚ್ 21ರ ಮೇಲೆ. ಹಾಗಾಗಿ ಸ್ಪೇನ್, ಪೋರ್ಚುಗಲ್, ಪೋಲೆಂಡ್ ಮತ್ತು ಇಟಲಿಯ ಹೆಚ್ಚಿನ ಭಾಗಗಳಲ್ಲಿ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಆಯಿತು. ಫ್ರಾನ್ಸು ಡಿಸೆಂಬರಿನಲ್ಲಿ 9ರಿಂದ 20ಕ್ಕೆ ಹೋಯಿತು. ಇಂಗ್ಲೆಂಡಂತೂ 1752ರವರೆಗೆ ಜಗ್ಗಲಿಲ್ಲ. ಅಷ್ಟರಲ್ಲಿ ವ್ಯತ್ಯಾಸ 11 ದಿನಕ್ಕೆ ಏರಿತ್ತು.

ಇದನ್ನು ಕನ್ನಡದಲ್ಲಿ ಒಂದು ಸಾಲಿನಲ್ಲಿ ಹೇಳಲು ಕೂತರೆ ಗೋಳು ಶುರು. "ಹತ್ತು ದಿನ ಕಳೆದವು" ಅಂದರೆ ಹತ್ತು ದಿನ ಆಯಿತು ಅಂತಲೇ ಅರ್ಥ. ನಡೆದದ್ದಕ್ಕೆ ಸರಿಯಾಗಿ ಉಲ್ಟಾ! "ಹತ್ತು ದಿನ ಕಳೆದರು" ಅಂದರೆ ಯಾರೋ ಮಾವನ ಮನೆಯಲ್ಲಿ ಆರಾಮಾಗಿ ಇದ್ದು ಬಂದಂತೆ. ಕೂಡುವ, ಕಳೆಯುವ ಲೆಕ್ಕದ "ಕಳೆ" ಇಲ್ಲಿ ಬೇಕಾಗಿರುವುದು, ಆದರೆ "ದಿನ" ಪಕ್ಕದಲ್ಲಿ ಬಂದ ಕೂಡಲೇ ಆ ಅರ್ಥ ಓಡಿಹೋಗುತ್ತದೆ. "ಬಿಡು" ನೋಡಿ. "ಹತ್ತು ದಿನ ಬಿಟ್ಟು 15 ಬಂತು" ಅಂದರೂ ಅದೇ ಕತೆ. ಸಾಲ ಕೇಳಲು ಬಂದವನಿಗೆ "ಹತ್ತು ದಿನ ಬಿಟ್ಟು ಬಾ" ಅನ್ನುತ್ತೇವಲ್ಲ, ಆ ಬಿಡು ಅದು.

ಪಂಚಾಂಗದ "ಕ್ಷಯ" ಬಳಸಬಹುದಲ್ವಾ ಅಂತ ಒಬ್ಬ ಗೆಳೆಯರು ಕೇಳಿದರು. ನನಗೆ ಒಪ್ಪಿಗೆಯಿಲ್ಲ. ಕ್ಷಯ ತಿಥಿ ಅನ್ನುವುದು ಒಂದು ಸೂರ್ಯೋದಯದ ನಂತರ ಶುರುವಾಗಿ ಮುಂದಿನ ಸೂರ್ಯೋದಯದ ಒಳಗೇ ಮುಗಿದುಬಿಡುವ ತಿಥಿ. ಅದಕ್ಕೆ ಸೂರ್ಯೋದಯ ಸಿಗುವುದಿಲ್ಲ, ಆದರೆ ಚಂದ್ರ ಅಷ್ಟು ದೂರ ನಡೆದಿರುತ್ತಾನೆ. ಅಂದರೆ ತಿಥಿ ಆಗಿರುತ್ತದೆ, ಎಣಿಕೆಗೆ ಮಾತ್ರ ಬರುವುದಿಲ್ಲ. 1582ರ ಅಕ್ಟೋಬರ್ 5ರಿಂದ 14 ಆಗಲೇ ಇಲ್ಲ. "ಲೋಪ"ವೂ ಹೊಳೆಯುತ್ತದೆ, ಲೋಪ ಸಂಧಿ ಕಲಿತವರಿಗೆ ಹೊಳೆಯದೆ ಇರುತ್ತದೆಯೇ. ಆದರೆ "ದಿನಲೋಪ" ಅಂದರೆ ಯಾರೋ ಗುಮಾಸ್ತನ ತಪ್ಪಿನ ಹಾಗೆ ಕೇಳುತ್ತದೆ.

ಯೋಚಿಸಿದಂತೆ ತೊಂದರೆ ಕ್ರಿಯಾಪದದ್ದಲ್ಲ, "ದಿನ"ದ್ದೇ ಅನಿಸುತ್ತಿದೆ. ಅಕ್ಟೋಬರ್ 4 ಗುರುವಾರ, 15 ಶುಕ್ರವಾರ. ವಾರದ ಸರಪಳಿ ಕಡಿಯಲಿಲ್ಲ. ಯಾರ ಆಯುಸ್ಸಿನಲ್ಲೂ ಒಂದು ಹಗಲು ಕಡಿಮೆಯಾಗಲಿಲ್ಲ. ಹೋದದ್ದು ಅಂಕಿ ಮಾತ್ರ. ನಮ್ಮ "ದಿನಾಂಕ" ಇದಕ್ಕೆಂದೇ ಹುಟ್ಟಿದಂತಿದೆ: ದಿನ ಉಳಿಯಿತು, ಅಂಕ ಹೋಯಿತು. ಪೋಪರ ಆಜ್ಞೆಯಲ್ಲೂ ಈ ಎಚ್ಚರ ಇದೆ. ತಿಂಗಳಿಗೋ ವರ್ಷಕ್ಕೋ ಕೊಡಬೇಕಾದ ಹಣದ ತಕರಾರು ಬಂದರೆ ನ್ಯಾಯಾಧೀಶರು ಹತ್ತು ದಿನ ಸೇರಿಸಿ ತೀರ್ಮಾನಿಸಬೇಕು ಎಂದಿದೆ.

ಹಾಗಾಗಿ ನನ್ನ ಸದ್ಯದ ಸಾಲು: "ಹತ್ತು ತಾರೀಖುಗಳನ್ನು ಹಾರಿಸಿದರು." ಪುಟ ಹಾರಿಸಿ ಓದುವುದು ಮಕ್ಕಳಿಗೆ ಚೆನ್ನಾಗಿಯೇ ಗೊತ್ತು. ಒಂದೇ ಅಳುಕು, ಪರ್ಸ್ ಹಾರಿಸುವುದೂ ಇದೇ ಹಾರಿಸು. ಪೋಪರೇ ಕದ್ದರು ಅಂತ ಓದಿಕೊಂಡಾರು!

"ಮರುದಿನ"ವೂ ಕಾಡುತ್ತಿದೆ. ಸ್ಪೇನಿನ ಅವಿಲಾದ ಸಂತ ತೆರೇಸಾ ತೀರಿಕೊಂಡದ್ದು ಅಕ್ಟೋಬರ್ 4ರ ರಾತ್ರಿ. ಮಣ್ಣು ಮಾಡಿದ್ದು ಮರುದಿನ, ಅಂದರೆ 15ರಂದು. ಅವರ ಹಬ್ಬ ಇವತ್ತಿಗೂ ಅಕ್ಟೋಬರ್ 15ಕ್ಕೆ. ಹೀಗೆಯೇ ಬರೆದರೆ ಕರಡು ತಿದ್ದುವವರು ಅಚ್ಚಿನ ತಪ್ಪೆಂದು 15ನ್ನು 5 ಮಾಡಿಬಿಡುತ್ತಾರೆ. "ಅದೇ ಮರುದಿನ, ಹೊಸ ಲೆಕ್ಕದಲ್ಲಿ 15" ಅಂತ ಬಿಡಿಸಿ ಹೇಳಿದರೆ ಸಾಕೇ?

"ಹಳೆ ಲೆಕ್ಕ, ಹೊಸ ಲೆಕ್ಕ" ನನಗೆ ಇಷ್ಟ. ಕೆಲವರು "ಹಳೆ ಶೈಲಿ" ಬರೆಯುತ್ತಾರೆ, ಅದು ಹೊಲಿಗೆಯಂಗಡಿಯ ಮಾತಿನಂತಿದೆ. ಅದೇ ವರ್ಷ ಜಪಾನಿನ ಹೊನ್ನೋಜಿ ದೇಗುಲದಲ್ಲಿ ಅಲ್ಲಿನ ಸೇನಾನಾಯಕ ಒಡಾ ನೊಬುನಾಗಾ ಸತ್ತದ್ದು ಹಳೆ ಲೆಕ್ಕದಲ್ಲಿ ಜೂನ್ 21, ಹೊಸ ಲೆಕ್ಕದಲ್ಲಿ ಜುಲೈ 1. ಜಪಾನಿನವರದೇ ಲೆಕ್ಕದಲ್ಲಿ ತೆನ್‌ಶೋ 10ನೇ ವರ್ಷದ 6ನೇ ತಿಂಗಳ 2ನೇ ದಿನ. ಮಕ್ಕಳ ಪುಟದಲ್ಲಿ ಮೂರನ್ನೂ ತುರುಕಲಾಗದು. ಹಳೆಯದನ್ನೇ ಇಟ್ಟಿದ್ದೇನೆ. ಗೋವೆಯಿಂದ ಹೊರಟ ಇಟಲಿಯ ಪಾದ್ರಿ ಮತ್ತೆಯೊ ರಿಚ್ಚಿ ಆ ಆಗಸ್ಟಿನಲ್ಲಿ ಚೀನಾ ಕರಾವಳಿಯ ಮಕಾವು ತಲುಪಿದ್ದಕ್ಕೂ ಅದೇ. ಹೊಸ ಲೆಕ್ಕ ಕಟ್ಟಿದವರಲ್ಲಿ ಒಬ್ಬರಾದ ಗಣಿತಜ್ಞ ಕ್ಲೇವಿಯಸ್ ಈ ರಿಚ್ಚಿಯ ಗುರು ಅನ್ನುವುದು ಮಜದ ಸಂಗತಿ.

ನಮ್ಮ ಕಡೆ ಆಗ ಶಕ 1504, ಚಿತ್ರಭಾನು ಸಂವತ್ಸರ. ನಮ್ಮ ಪಂಚಾಂಗಕ್ಕೆ ಈ ತಿದ್ದುಪಡಿಯಿಂದ ಏನೂ ಆಗಬೇಕಾಗಿರಲಿಲ್ಲ. ಅದಕ್ಕೇ ಇರಬೇಕು, ಹೆಚ್ಚಾದದ್ದಕ್ಕೆ "ಬರಗಾಲದಲ್ಲಿ ಅಧಿಕ ಮಾಸ" ಅನ್ನುವ ಗಾದೆ ಇದೆ, ತಾರೀಖು ಕಡಿಮೆಯಾದದ್ದಕ್ಕೆ ಮಾತಿಲ್ಲ.

ನಿಮ್ಮನ್ನು ಕೇಳುವುದಿಷ್ಟು. ಪಂಚಾಂಗ ನೋಡಿ ಹೇಳುವ ಹಿರಿಯರು ಮನೆಯಲ್ಲಿದ್ದರೆ, ಕ್ಷಯ ತಿಥಿ ಬಂದ ದಿನ ಅವರು ಆಡುಮಾತಿನಲ್ಲಿ ಏನನ್ನುತ್ತಾರೆ? "ಇವತ್ತು ದಶಮಿ ಇಲ್ಲ" ಅನ್ನುತ್ತಾರೋ, "ದಶಮಿ ಹಾರಿದೆ" ಅನ್ನುತ್ತಾರೋ, ಬೇರೆ ಏನಾದರೂ ಮಾತಿದೆಯೋ? ಉತ್ತರ ಕರ್ನಾಟಕ, ಕರಾವಳಿ ಕಡೆಯವರು ದಯವಿಟ್ಟು ತಿಳಿಸಿ.