ಪ್ರಶ್ನೋತ್ತರ: ಮಕ್ಕಳ ಸಾಹಸ ಸಿನಿಮಾದಲ್ಲಿ ಅಪಾಯ ಎಷ್ಟಿರಬೇಕು?

ಪ್ರಶ್ನೆ (ತೀರ್ಥಹಳ್ಳಿ): ಸರ್, ನೀವು ಸಿನಿಮಾದಲ್ಲಿ ಸಹ ನಿರ್ದೇಶಕರು ಅಂತ ಕೇಳುತ್ತಿದ್ದೇನೆ. ರಜೆಯಲ್ಲಿ ಮಗಳಿಗೆ ‘ಜುರಾಸಿಕ್ ಪಾರ್ಕ್’ ಹಾಕಿಕೊಟ್ಟೆವು. ಅವಳಿಗೆ ಏಳು ವರ್ಷ. ಈಗ ಒಬ್ಬಳೇ ಬಚ್ಚಲಿಗೂ ಹೋಗಲ್ಲ. ಫ್ಯಾಮಿಲಿ ಸಿನಿಮಾ ಅಂತ ಹೇಳಿ ಮಕ್ಕಳನ್ನೇ ಯಾಕೆ ಡೈನೋಸಾರ್ ಬಾಯಿಗೆ ಕೊಡುತ್ತಾರೆ? ಸುಮ್ನೆ ಹೆದರಿಸುವುದಕ್ಕಾ?

ಉತ್ತರ: ಮೇಡಂ, ಅದು ಏಳು ವರ್ಷದವರಿಗೆ ಮಾಡಿದ ಸಿನಿಮಾ ಅಲ್ಲ. 1993ರಲ್ಲಿ ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು ಪಿಜಿ-13. ಹದಿಮೂರರ ಒಳಗಿನವರಿಗೆ ತೋರಿಸುವ ಮುಂಚೆ ಅಪ್ಪ ಅಮ್ಮ ಯೋಚಿಸಿ ಅಂತ ಅರ್ಥ. ತಮಾಷೆ ಏನಂದರೆ, ಆ ದರ್ಜೆ ಹುಟ್ಟಿದ್ದರ ಹಿಂದೆಯೂ ಇದೇ ಸಿನಿಮಾದ ನಿರ್ದೇಶಕ ಸ್ಪೀಲ್‌ಬರ್ಗ್ ಇದ್ದಾರೆ. 1984ರಲ್ಲಿ ಅವರ ಇಂಡಿಯಾನಾ ಜೋನ್ಸ್ ಸಿನಿಮಾದಲ್ಲಿ ಎದೆಯಿಂದ ಗುಂಡಿಗೆ ಕೀಳುವುದನ್ನು ನೋಡಿ ಹೆತ್ತವರು ರೇಗಿದ್ದರು.

ಮಕ್ಕಳೇ ಯಾಕೆ ಅಂದರೆ, ದೊಡ್ಡವರು ಕಷ್ಟಕ್ಕೆ ಸಿಕ್ಕರೆ ಮಗು ಹೊರಗೆ ಕೂತು ನೋಡುತ್ತದೆ. ತನ್ನ ವಯಸ್ಸಿನವರಾದರೆ ತಾನೇ ಕಥೆಯೊಳಗೆ ಇಳಿಯುತ್ತದೆ. ಅದಕ್ಕೇ ಕಥೆ ಬರೆಯುವವರು ಮೊದಲು ದೊಡ್ಡವರನ್ನು ದೂರ ಕಳಿಸುತ್ತಾರೆ. ಎಡವಟ್ಟಾಗುವುದೂ ಅಲ್ಲೇ. ಆ ಸಿನಿಮಾದಲ್ಲಿ ಮಕ್ಕಳಿಗೆ ಜಾಸ್ತಿ ತಟ್ಟುವುದು ಟಿ-ರೆಕ್ಸ್ ಡೈನೋಸಾರ್ ಹಲ್ಲಲ್ಲ ಅಂತ ನನ್ನ ಅನಿಸಿಕೆ. ಮಳೆಯಲ್ಲಿ ಕಾರಿನೊಳಗಿದ್ದ ಲಾಯರ್, ಮಕ್ಕಳನ್ನು ಅಲ್ಲೇ ಬಿಟ್ಟು ಬಾಗಿಲು ತೆಗೆದು ಓಡುತ್ತಾನಲ್ಲ, ಅದು. ಹುಡುಗಿಯ ಬಾಯಲ್ಲಿ ಬರುವುದೂ ‘ಬಿಟ್ಟು ಹೋದ’ ಅನ್ನುವ ಮಾತೇ. ಮಕ್ಕಳನ್ನು ಕಂಡರಾಗದ ಡೈನೋಸಾರ್ ವಿಜ್ಞಾನಿ ಗ್ರಾಂಟ್ ‘ನಾನು ಹೋಗಲ್ಲ’ ಅಂದ ಮೇಲೆ ನೋಡುವವರಿಗೂ ಉಸಿರು ಬರುತ್ತದೆ.

ಆಮೇಲೆ ಅಡುಗೆಮನೆ ದೃಶ್ಯ. ಅಲ್ಲಿ ದೊಡ್ಡವರು ಯಾರೂ ಇಲ್ಲ. ಆದರೆ ಅಕ್ಕ ಸೌಟಿನಿಂದ ನೆಲಕ್ಕೆ ಟಕ್ ಟಕ್ ಕುಟ್ಟಿ, ತಮ್ಮನ ಹತ್ತಿರ ಬಂದ ಡೈನೋಸಾರ್ ರ‍್ಯಾಪ್ಟರ್‌ ಅನ್ನು ತನ್ನ ಕಡೆ ಎಳೆಯುತ್ತಾಳೆ. ಅದು ಸ್ಟೀಲ್ ಬಾಗಿಲಲ್ಲಿ ಕಂಡ ಅವಳ ಪ್ರತಿಬಿಂಬಕ್ಕೆ ಹೋಗಿ ಗುದ್ದುತ್ತದೆ. ಮಕ್ಕಳ ಕೈಗೆ ಕೆಲಸ ಇದೆ ನೋಡಿ. ಬರೀ ಕಿರುಚಿಸುವ ಸಿನಿಮಾ ನನಗೂ ಆಗಿಬರಲ್ಲ.

‘ಅದೆಲ್ಲ ಸುಳ್ಳು ಪುಟ್ಟಿ’ ಅಂದರೆ ಆ ವಯಸ್ಸಿಗೆ ನಾಟುವುದಿಲ್ಲ. ಕೆಲವು ದಿನ ಜೊತೆಗೆ ಹೋಗಿ. ಸೌಟಿನ ಹುಡುಗಿ ಏನು ಮಾಡಿದಳು ಅಂತ ಅವಳಿಂದಲೇ ಕಥೆ ಹೇಳಿಸಿ. ಭಯ ಇಳಿಯದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ, ಅದು ನನ್ನ ಕೆಲಸ ಅಲ್ಲ.

ಪ್ರಶ್ನೆ (ಶಿವಮೊಗ್ಗ): ನಮ್ಮಲ್ಲಿ ಇಂಥ ದರ್ಜೆ ಇಲ್ವಾ ಸರ್?

ಉತ್ತರ: ಇದೆ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಯುಎ (ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು) ಅನ್ನುವುದನ್ನು 7+, 13+, 16+ ಅಂತ ಮೂರು ಮಾಡಿದರು. ಸಿನಿಮಾ ಶುರುವಿನಲ್ಲಿ ಬರುವ ಸರ್ಟಿಫಿಕೇಟ್ ನೋಡಿ. ನಾವೆಲ್ಲ ಆ ಹೊತ್ತಿಗೆ ಪಾಪ್‌ಕಾರ್ನ್ ಹುಡುಕುತ್ತಿರುತ್ತೇವೆ.

ಪ್ರಶ್ನೆ (ಹೊಸನಗರ): ಊರಿನ ಮಕ್ಕಳನ್ನು ಹಾಕಿಕೊಂಡು ಕಿರುಚಿತ್ರ ಮಾಡುತ್ತಿದ್ದೇವೆ. ಹುಡುಗ ಕಾಲುಸಂಕ (ಹಳ್ಳದ ಮೇಲಿನ ಮರದ ಕಿರುಸೇತುವೆ) ದಾಟುವಾಗ ಜಾರುವ ದೃಶ್ಯ ಇದೆ. ಜುಲೈನಲ್ಲೇ ತೆಗೆದರೆ ಹಳ್ಳ ತುಂಬಿ ಚೆನ್ನಾಗಿ ಕಾಣುತ್ತದೆ ಅಲ್ವಾ?

ಉತ್ತರ: ಕಾಣುತ್ತದೆ, ಆದರೆ ಖಂಡಿತ ಬೇಡ ಮಾರಾಯ್ರೆ. ತುಂಬಿದ ಹಳ್ಳವನ್ನು ಮಗು ಇಲ್ಲದೆ, ದೂರದಿಂದ ಬೇರೆ ತೆಗೆದಿಟ್ಟುಕೊಳ್ಳಿ. ಹುಡುಗನ ಶಾಟ್ ಬೇಸಿಗೆಯಲ್ಲಿ, ಅಂಗಳದಲ್ಲಿ. ಅಡಿಕೆ ಮರದ ದಬ್ಬೆಗಳನ್ನು ನೆಲದಿಂದ ಒಂದಡಿ ಎತ್ತರಕ್ಕೆ ಗಟ್ಟಿಯಾಗಿ ಕಟ್ಟಿ, ಕೆಳಗೆ ಹಾಸಿಗೆ ಹಾಕಿ, ಮೇಲಿಂದ ಪೈಪಿನಲ್ಲಿ ಮಳೆ ಬಿಡಿ. ಕ್ಯಾಮೆರಾ ತಗ್ಗಿನಲ್ಲಿಟ್ಟರೆ ಹಿಂದೆ ಬರೀ ಆಕಾಶ. ಒದ್ದೆ ಚಪ್ಪಲಿ ಜಾರುವ ಒಂದು ಕ್ಲೋಸಪ್, ಆಮೇಲೆ ಹಳ್ಳದಲ್ಲಿ ತೇಲಿಹೋಗುವ ಕೊಡೆ. ಸಾಕು. (ನಮ್ಮ ಕಡೆಯವರು ಇದನ್ನು ನೋಡಿ ಸಾಹಸ ಅನ್ನಲ್ಲ, ಸೇತುವೆ ಎಲ್ಲಿ ಅಂತ ಕೇಳುತ್ತಾರೆ. ಅದೂ ಒಳ್ಳೆಯದೇ.)

ವ್ಯಾಪಾರಕ್ಕೆ ಮಾಡುವುದಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಮಗುವಿಗೆ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಇನ್ನೊಂದು. ಜಾರಿದ ಮೇಲೆ ಹುಡುಗ ತಾನೇ ಏನು ಮಾಡುತ್ತಾನೆ? ನೀವು ಅದನ್ನು ಹೇಳಿಲ್ಲ. ಯಾರೋ ಮಾವ ಓಡಿಬಂದು ಎತ್ತಿಕೊಳ್ಳುತ್ತಾನೆ ಅಂತಿದ್ದರೆ ಆ ಪುಟ ತಿದ್ದಿ ಕಳಿಸಿ, ಓದುತ್ತೇನೆ.