ಮತದಾನದ ಹಕ್ಕನ್ನು ವಯಸ್ಸಿನಿಂದ ನಿರ್ಧರಿಸುವುದು ಸರಿಯೇ?

ಪ್ರಶ್ನೆ

ಇಂದು ಬಹುತೇಕ ದೇಶಗಳಲ್ಲಿ 18 ವರ್ಷ ತುಂಬಿದವರಿಗೆ ಮತ ಚಲಾಯಿಸುವ ಹಕ್ಕಿದೆ. ಈ ಸಂಖ್ಯೆ ಎಷ್ಟು ರೂಢಿಗೆ ಬಂದುಬಿಟ್ಟಿದೆಯೆಂದರೆ, ಅದು ಎಲ್ಲಿಂದ ಬಂತು ಎಂದು ಕೇಳುವವರೇ ಅಪರೂಪ. ಆದರೆ ಚರಿತ್ರೆಯಲ್ಲಿ ಅದು ಒಂದೆಡೆ ನಿಂತದ್ದೇ ಇಲ್ಲ. ಬ್ರಿಟನ್ನಿನ 1918ರ ಕಾಯ್ದೆ ಪುರುಷರಿಗೆ 21 ವರ್ಷವನ್ನೂ ಮಹಿಳೆಯರಿಗೆ ಆಸ್ತಿಯ ಷರತ್ತಿನ ಜೊತೆಗೆ 30 ವರ್ಷವನ್ನೂ ಗೊತ್ತುಮಾಡಿತ್ತು. ಇಬ್ಬರಿಗೂ 21 ಆದದ್ದು 1928ರಲ್ಲಿ, 18 ಆದದ್ದು 1969ರ ಕಾಯ್ದೆಯಿಂದ. ಭಾರತದಲ್ಲಿ 21 ಇದ್ದದ್ದು ಸಂವಿಧಾನದ 61ನೆಯ ತಿದ್ದುಪಡಿಯ ಮೂಲಕ 1989ರಲ್ಲಿ 18ಕ್ಕೆ ಇಳಿಯಿತು. ಜಪಾನಿನಲ್ಲಿ 2016ರವರೆಗೂ 20 ಇತ್ತು. ಆಸ್ಟ್ರಿಯಾ 2007ರಲ್ಲಿಯೇ 16ಕ್ಕೆ ಇಳಿಸಿತು. ಇಟಲಿಯಲ್ಲಂತೂ 2021ರವರೆಗೆ ಸಂಸತ್ತಿನ ಕೆಳಮನೆಗೆ ಮತ ಹಾಕಲು 18, ಮೇಲ್ಮನೆಗೆ 25 ಆಗಿರಬೇಕಿತ್ತು. ಒಂದೇ ದಿನ ಎರಡೂ ಚುನಾವಣೆ ನಡೆದಾಗ, ಮತಗಟ್ಟೆಗೆ ಬಂದ 20 ವರ್ಷದ ಯುವತಿಯ ಕೈಗೆ ಒಂದು ಮತಪತ್ರವನ್ನು ಕೊಟ್ಟು ಇನ್ನೊಂದನ್ನು ಕೊಡುತ್ತಿರಲಿಲ್ಲ.

ನನ್ನ ಪ್ರಶ್ನೆ ಇದು. ವಿವೇಚನೆಯಿದ್ದವರು ಮಾತ್ರ ಮತ ಹಾಕಬೇಕು ಎಂಬುದೇ ವಯೋಮಿತಿಯ ಹಿಂದಿನ ಕಾರಣವಾಗಿದ್ದರೆ, ರಾಜಕೀಯವನ್ನು ಚೆನ್ನಾಗಿ ಬಲ್ಲ 16ರ ವಿದ್ಯಾರ್ಥಿಯನ್ನು ಹೊರಗಿಟ್ಟು, ಅಭ್ಯರ್ಥಿಗಳ ಹೆಸರೂ ಗೊತ್ತಿಲ್ಲದ 40ರ ವ್ಯಕ್ತಿಯನ್ನು ಒಳಗೆ ಬಿಡುವುದನ್ನು ಹೇಗೆ ಸಮರ್ಥಿಸುವುದು? ಅದೇ ಕಾರಣವನ್ನು ಇನ್ನೊಂದು ತುದಿಗೂ ಅನ್ವಯಿಸಿ, ಮರೆವಿನ ಕಾಯಿಲೆಗೆ ಒಳಗಾಗುವ ಸಾಧ್ಯತೆ ಹೆಚ್ಚಿರುವ ಇಳಿವಯಸ್ಸಿಗೂ ಮಿತಿ ಹಾಕಬೇಕೆಂದು ಯಾರಾದರೂ ವಾದಿಸಿದರೆ ಏನು ಉತ್ತರ ಕೊಡುವುದು? ವಯಸ್ಸಿನ ಬದಲು ಬೇರೆ ಯಾವುದಾದರೂ ಮಾನದಂಡ ಸಾಧ್ಯವೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1

ವಯಸ್ಸು ವಿವೇಕದ ಪುರಾವೆಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅದನ್ನು ವಿವೇಕದ ಪುರಾವೆಯೆಂದು ಭಾವಿಸಿದಾಗಲೇ ಈ ಚರ್ಚೆ ದಾರಿ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ವಯೋಮಿತಿಯ ನಿಜವಾದ ಬಲ ಇರುವುದು ಬೇರೆಡೆ. ಜನ್ಮದಿನಾಂಕವನ್ನು ನೋಡಿ ಹೌದು ಅಥವಾ ಅಲ್ಲ ಎನ್ನುವ ಅಧಿಕಾರಿಗೆ ತನ್ನ ಇಷ್ಟಾನಿಷ್ಟಗಳನ್ನು ಸೇರಿಸಲು ಎಡೆಯೇ ಇರುವುದಿಲ್ಲ.

ಬೇರೆ ಮಾನದಂಡ ಸಾಧ್ಯವೇ ಎಂದು ಕೇಳಿದ್ದೀರಿ. ಅದನ್ನು ಪ್ರಯೋಗಿಸಿ ನೋಡಿದ್ದಾಗಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಬಂದವರಿಗೆ ಸಾಕ್ಷರತಾ ಪರೀಕ್ಷೆ ಒಡ್ಡುತ್ತಿದ್ದರು. ಕೆಲವು ರಾಜ್ಯಗಳಲ್ಲಿ ಸಂವಿಧಾನದ ಒಂದು ಭಾಗವನ್ನು ಓದಿಸಿ, ಅದರ ಅರ್ಥವನ್ನು ವಿವರಿಸಲು ಹೇಳುತ್ತಿದ್ದರು. ಯಾವ ಭಾಗವನ್ನು ಕೊಡಬೇಕು, ವಿವರಣೆ ತೃಪ್ತಿಕರವೇ ಎಂಬ ಎರಡೂ ತೀರ್ಮಾನಗಳು ಮೇಜಿನಾಚೆ ಕುಳಿತ ನೋಂದಣಿ ಅಧಿಕಾರಿಗೇ ಸೇರಿದ್ದವು. ಬಿಳಿಯನೊಬ್ಬನಿಗೆ ಸರಳವಾದ ಒಂದು ವಾಕ್ಯ, ಕರಿಯ ಶಿಕ್ಷಕನೊಬ್ಬನಿಗೆ ವಕೀಲರೂ ತಡವರಿಸುವಂಥ ಪರಿಚ್ಛೇದ. 1965ರ ಮತದಾನ ಹಕ್ಕುಗಳ ಕಾಯ್ದೆ ಅಂಥ ಪ್ರದೇಶಗಳಲ್ಲಿ ಈ ಪರೀಕ್ಷೆಗಳನ್ನು ತಡೆಯಿತು. ಇಡೀ ದೇಶದಲ್ಲಿ ಅವು ಶಾಶ್ವತವಾಗಿ ರದ್ದಾದದ್ದು 1975ರಲ್ಲಿ. ಅರ್ಹತೆಯನ್ನು ಅಳೆಯುತ್ತೇವೆ ಎಂದು ಹೊರಟ ವ್ಯವಸ್ಥೆ ಅಳೆಯುವವನ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಲಿಂಗ, ಜಾತಿ, ವರ್ಣ ಅಥವಾ ಆಸ್ತಿಯ ಆಧಾರದ ಮೇಲೆ ಮತ ನಿರಾಕರಿಸಿದಾಗ, ಹೊರಗುಳಿದವರು ಬಹುಮಟ್ಟಿಗೆ ಜೀವನಪರ್ಯಂತ ಹೊರಗೇ ಉಳಿಯುತ್ತಿದ್ದರು. ಕನಿಷ್ಠ ವಯಸ್ಸಾದರೋ ಎಲ್ಲರೂ ದಾಟಿಯೇ ದಾಟುವ ಗೆರೆ. ಇಂದು ಕಾಯುತ್ತಿರುವವನು ನಾಳೆ ಒಳಗಿರುತ್ತಾನೆ. ಆದರೆ ಈ ಮಾತು ನಿಲ್ಲುವುದು ಗೆರೆ ಎಲ್ಲರಿಗೂ ಒಂದೇ ಆಗಿದ್ದಾಗ ಮಾತ್ರ. ನೀವು ಹೇಳಿದ ಬ್ರಿಟನ್ನಿನ 30ರ ನಿಯಮ ಮೇಲ್ನೋಟಕ್ಕೆ ವಯೋಮಿತಿಯಾಗಿದ್ದರೂ, ಅದು ಮಾಡಿದ ಕೆಲಸ ಮಹಿಳಾ ಮತದಾರರ ಸಂಖ್ಯೆಯನ್ನು ಪುರುಷರಿಗಿಂತ ಕೆಳಗೆ ಹಿಡಿದಿಡುವುದಾಗಿತ್ತು.

ಉತ್ತರ 2

ವಯಸ್ಸೇ ಮಾನದಂಡವಾಗಿರಲಿ ಎಂಬುದಕ್ಕೆ ನನ್ನ ಸಹಮತವಿದೆ. ಆದರೆ ಆ ಗೆರೆ 18ರಲ್ಲಿಯೇ ಏಕೆ ಇರಬೇಕು ಎಂಬ ಪ್ರಶ್ನೆಗೆ ಮೇಲಿನ ಉತ್ತರದಲ್ಲಿ ಸಮಾಧಾನ ಸಿಗುವುದಿಲ್ಲ.

21 ಎಂಬುದು ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಒಬ್ಬನನ್ನು ವಯಸ್ಕನೆಂದು ಗಣಿಸುತ್ತಿದ್ದ ವಯಸ್ಸು. ಅದು 18ಕ್ಕೆ ಇಳಿದದ್ದು ಯಾವುದೋ ಸಂಶೋಧನೆಯ ಫಲವಾಗಿ ಅಲ್ಲ. ಅಮೆರಿಕದಲ್ಲಿ 18 ತುಂಬಿದ ಹುಡುಗರನ್ನು ಕಡ್ಡಾಯ ಸೇನಾಸೇವೆಯ ಮೇಲೆ ವಿಯೆಟ್ನಾಂ ಯುದ್ಧಕ್ಕೆ ಕಳುಹಿಸುತ್ತಿದ್ದರು. ಆ ಯುದ್ಧ ಬೇಕೇ ಬೇಡವೇ ಎಂದು ಹೇಳುವ ಮತ ಮಾತ್ರ ಅವರಿಗೆ ಇರಲಿಲ್ಲ. ಅಲ್ಲಿನ ಸಂಸತ್ತು ಸಾಮಾನ್ಯ ಕಾನೂನಿನ ಮೂಲಕವೇ ವಯಸ್ಸನ್ನು ಇಳಿಸಿದಾಗ, ಅದು ಒಕ್ಕೂಟದ ಚುನಾವಣೆಗಳಿಗೆ ಮಾತ್ರ ಅನ್ವಯಿಸುತ್ತದೆ, ರಾಜ್ಯಗಳ ಚುನಾವಣೆಗಳಿಗಲ್ಲ ಎಂದು ಸುಪ್ರೀಂ ಕೋರ್ಟ್ 1970ರಲ್ಲಿ ತೀರ್ಪಿತ್ತಿತು. ಎರಡು ಬಗೆಯ ಮತದಾರರ ಪಟ್ಟಿಗಳನ್ನು ಇಟ್ಟುಕೊಳ್ಳಬೇಕಾದ ತೊಡಕು ರಾಜ್ಯಗಳ ಮುಂದೆ ಬಂತು. 1971ರಲ್ಲಿ 26ನೆಯ ತಿದ್ದುಪಡಿ ಕೆಲವೇ ತಿಂಗಳಲ್ಲಿ ಅಂಗೀಕಾರವಾದುದರ ಹಿಂದೆ ನ್ಯಾಯದ ಕೂಗು ಎಷ್ಟಿತ್ತೋ ಪಟ್ಟಿಯ ತಲೆನೋವೂ ಅಷ್ಟೇ ಇತ್ತು. ಹೀಗೆ ಬಂದ ಸಂಖ್ಯೆಯನ್ನು ಕದಲಿಸಲೇಬಾರದು ಎನ್ನುವುದಕ್ಕೆ ಆಧಾರವಿಲ್ಲ.

ಹದಿಹರೆಯದವರು ದುಡುಕುತ್ತಾರೆ ಎಂಬ ಆಕ್ಷೇಪಣೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮನೋವಿಜ್ಞಾನಿಗಳು ಎರಡು ಬಗೆಯ ತೀರ್ಮಾನಗಳನ್ನು ಪ್ರತ್ಯೇಕಿಸುತ್ತಾರೆ. ಗೆಳೆಯರ ಒತ್ತಡ, ಕೋಪ ಅಥವಾ ಉದ್ವೇಗದ ನಡುವೆ ತತ್‌ಕ್ಷಣ ಮಾಡಬೇಕಾದ ತೀರ್ಮಾನಗಳಲ್ಲಿ ಪ್ರೌಢತೆ ಬರುವುದು 20 ದಾಟಿದ ಮೇಲೆಯೇ. ಆದರೆ ಸಮಾಧಾನದಿಂದ ಮಾಹಿತಿಯನ್ನು ತೂಗಿ ನೋಡುವ ಸಾಮರ್ಥ್ಯ ಸುಮಾರು 16ರ ಹೊತ್ತಿಗೇ ವಯಸ್ಕರ ಮಟ್ಟಕ್ಕೆ ಬರುತ್ತದೆ. ಮತದಾನ ಯಾವ ಬಗೆಯದು? ಅಭ್ಯರ್ಥಿಗಳು ಯಾರೆಂಬುದು ವಾರಗಳ ಮೊದಲೇ ತಿಳಿದಿರುತ್ತದೆ, ಗುರುತು ಹಾಕುವಾಗ ಮರೆಯ ಹಿಂದೆ ಮತದಾರ ಒಬ್ಬನೇ ಇರುತ್ತಾನೆ. ವೇಗವಾಗಿ ವಾಹನ ಓಡಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಸ್ಕಾಟ್ಲೆಂಡ್ 2014ರ ಸ್ವಾತಂತ್ರ್ಯದ ಜನಮತಗಣನೆಯಲ್ಲಿ 16 ಮತ್ತು 17 ವರ್ಷದವರಿಗೂ ಮತ ಕೊಟ್ಟಿತು. ಆ ವಯಸ್ಸಿನ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿಕೊಂಡರು. ಅನುಭವವನ್ನು ನೋಡಿದ ಮೇಲೆ, ಅಲ್ಲಿಯವರೆಗೆ ವಿರೋಧಿಸುತ್ತಿದ್ದ ಪಕ್ಷವೂ ನಿಲುವನ್ನು ಬದಲಿಸಿತು, ಮರುವರ್ಷವೇ ಸ್ಕಾಟಿಷ್ ಸಂಸತ್ತಿನ ಚುನಾವಣೆಗಳಿಗೂ ಅದನ್ನು ವಿಸ್ತರಿಸಲಾಯಿತು. ಇಲ್ಲೊಂದು ಪ್ರಾಯೋಗಿಕ ಸಂಗತಿಯೂ ಇದೆ. 18ರಿಂದ 20ರ ನಡುವೆ ಬಹಳಷ್ಟು ಯುವಕರು ಓದು ಅಥವಾ ಕೆಲಸಕ್ಕಾಗಿ ಮನೆ ಬಿಡುತ್ತಾರೆ, ಅವರ ವಿಳಾಸ ಒಂದೆಡೆ ನಿಲ್ಲುವುದಿಲ್ಲ, ಪಟ್ಟಿಯಲ್ಲಿ ಹೆಸರು ತಪ್ಪುತ್ತದೆ. 16ರಲ್ಲಿ ಅವರು ಇನ್ನೂ ಮನೆಯಲ್ಲಿರುತ್ತಾರೆ. ಮೊದಲ ಚುನಾವಣೆಯಲ್ಲಿ ಮತ ಹಾಕಿದವರಲ್ಲಿ ಆ ಅಭ್ಯಾಸ ಮುಂದುವರಿಯುವ ಸಂಭವ ಹೆಚ್ಚು.

ಉತ್ತರ 3

ಎರಡನೆಯ ಉತ್ತರದ ವಾದ ಗಟ್ಟಿಯಾಗಿದೆ, ಆದರೂ ನನಗೆ ಒಂದು ಅಳುಕಿದೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆ ಸಾಮಾನ್ಯವಾಗಿ 18ರ ಕೆಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರಿಗೆ ವಿಶೇಷ ರಕ್ಷಣೆಯನ್ನು ಕೊಡುತ್ತದೆ. ದೇಶದ ಕಾನೂನುಗಳನ್ನು ರೂಪಿಸುವವರನ್ನು ಆರಿಸುವಷ್ಟು ಪ್ರಬುದ್ಧರು ಎಂದು ಒಮ್ಮೆ ಒಪ್ಪಿಕೊಂಡರೆ, ಅಪರಾಧ ಮಾಡಿದಾಗ ಅವರನ್ನು ವಯಸ್ಕರಂತೆಯೇ ಶಿಕ್ಷಿಸಬೇಕು ಎಂದು ಕೂಗುವವರಿಗೆ ನಾವೇ ಅಸ್ತ್ರ ಕೊಟ್ಟಂತಾಗುವುದಿಲ್ಲವೇ? ಹಕ್ಕು ಮತ್ತು ರಕ್ಷಣೆ ಎರಡೂ ಒಟ್ಟಿಗೆ ಇರಬಹುದೆಂದು ಆಸ್ಟ್ರಿಯಾದವರು ಹೇಳಬಹುದು. ಎಲ್ಲ ಸಮಾಜಗಳೂ ಅಷ್ಟು ಸೂಕ್ಷ್ಮವಾಗಿ ನಡೆದುಕೊಳ್ಳುತ್ತವೆಂಬ ಭರವಸೆ ನನಗಿಲ್ಲ. 16ರವರಿಗೆ ಮತ ಕೊಟ್ಟ ದಿನದಿಂದ ಪಕ್ಷಗಳ ಪ್ರಚಾರ ತರಗತಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದಕ್ಕೆ ತಡೆಯೊಡ್ಡುವ ನಿಯಮ ಮೊದಲು ಬರಲಿ, ಮತ ಆಮೇಲೆ ಬರಲಿ.

ಉತ್ತರ 4

ಇಳಿವಯಸ್ಸಿನ ಪ್ರಶ್ನೆಯನ್ನು ಇನ್ನೂ ಯಾರೂ ಎತ್ತಿಕೊಂಡಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಚುನಾವಣಾ ಕರ್ತವ್ಯದ ಮೇಲೆ ಮತಗಟ್ಟೆಯಲ್ಲಿ ಕುಳಿತ ಅನುಭವ ನನಗಿದೆ. ಈ ವಿಷಯದಲ್ಲಿ ನನ್ನ ನಿಲುವು ಬಹಳ ಖಚಿತವಾದುದು.

ಮೇಲಿನ ವಯೋಮಿತಿ ಎಲ್ಲಿಯೂ ಇಲ್ಲವೇ ಇಲ್ಲ ಎನ್ನುವಂತಿಲ್ಲ. 80 ದಾಟಿದ ಕಾರ್ಡಿನಲ್‌ಗಳು ಪೋಪರ ಆಯ್ಕೆಯಲ್ಲಿ ಮತ ಹಾಕುವಂತಿಲ್ಲ ಎಂಬ ನಿಯಮವನ್ನು ಆರನೆಯ ಪಾಲ್ 1970ರಲ್ಲಿ ಮಾಡಿದರು, ಅದು ಇಂದಿಗೂ ಜಾರಿಯಲ್ಲಿದೆ. ಆದರೆ ಅಲ್ಲಿ ಮತವೆಂಬುದು ಹುದ್ದೆಗೆ ಅಂಟಿದ ಹೊಣೆ; ಹುದ್ದೆಗಳಿಗೆ ನಿವೃತ್ತಿ ಇರಬಹುದು. ಪೌರತ್ವಕ್ಕೆ ನಿವೃತ್ತಿಯಿಲ್ಲ. ಬ್ರೆಜಿಲ್‌ನ 1988ರ ಸಂವಿಧಾನ ಈ ಅಂತರವನ್ನು ಚೆನ್ನಾಗಿ ಗ್ರಹಿಸಿದೆ. ಅಲ್ಲಿ 18ರಿಂದ 70ರವರೆಗೆ ಅಕ್ಷರಸ್ಥರಿಗೆ ಮತದಾನ ಕಡ್ಡಾಯ. 70 ದಾಟಿದವರಿಗೂ 16, 17 ವರ್ಷದವರಿಗೂ ಅದು ಐಚ್ಛಿಕ. ವಯಸ್ಸಾದವರಿಂದ ಕಡ್ಡಾಯವನ್ನು ತೆಗೆದರೇ ಹೊರತು ಹಕ್ಕನ್ನು ತೆಗೆಯಲಿಲ್ಲ.

ಮೊದಲ ಉತ್ತರದಲ್ಲಿ ಹೇಳಿದ ತರ್ಕವನ್ನೇ ಮುಂದುವರಿಸಿದರೂ ಇದು ತಿಳಿಯುತ್ತದೆ. ಕೆಳಗಿನ ಮಿತಿಯಲ್ಲಿ ಹೊರಗಿರುವವನು ಕಾದರೆ ಒಳಗೆ ಬರುತ್ತಾನೆ. ಮೇಲಿನ ಮಿತಿಯಲ್ಲಿ ಹೊರಬಿದ್ದವನು ಸಾಯುವವರೆಗೂ ಹೊರಗೇ. ಪಿಂಚಣಿ, ಆಸ್ಪತ್ರೆ, ಆರೈಕೆಯ ಬಗ್ಗೆ ಸರ್ಕಾರ ಏನು ಮಾಡಿದರೂ ಅವನು ಕೇಳುವಂತಿಲ್ಲ. ಮುಂದಿನ ಪರಿಣಾಮವನ್ನು ಅನುಭವಿಸಲು ಅವರು ಇರುವುದಿಲ್ಲವಲ್ಲ ಎನ್ನುವ ಮಾತನ್ನು ನಾನೂ ಕೇಳಿದ್ದೇನೆ. ಅದನ್ನು ಒಪ್ಪಿದರೆ ವಾಸಿಯಾಗದ ಕಾಯಿಲೆಯಿರುವ 30ರ ವ್ಯಕ್ತಿಯ ಮತವನ್ನೂ ಕಿತ್ತುಕೊಳ್ಳಬೇಕಾಗುತ್ತದೆ. ಅಷ್ಟು ನಿರ್ದಯವಾದ ಲೆಕ್ಕಾಚಾರ ಯಾವ ಪ್ರಜಾಪ್ರಭುತ್ವಕ್ಕೂ ತಕ್ಕುದಲ್ಲ.

ಬುದ್ಧಿಸ್ಥಿಮಿತದ ಪ್ರಶ್ನೆಗೆ ವಯಸ್ಸನ್ನು ಎಳೆದು ತರುವ ಅಗತ್ಯವಿಲ್ಲ. ಭಾರತದ ಕಾನೂನಿನಲ್ಲಿ, ಸಕ್ಷಮ ನ್ಯಾಯಾಲಯ ಒಬ್ಬರನ್ನು ಅಸ್ವಸ್ಥಚಿತ್ತರೆಂದು ಘೋಷಿಸಿದರೆ ಮಾತ್ರ ಪಟ್ಟಿಯಿಂದ ಹೆಸರು ಹೋಗುತ್ತದೆ. ವಯಸ್ಸು 95 ಆಗಿದ್ದರೂ ಮತಗಟ್ಟೆ ಅಧಿಕಾರಿ ತನ್ನ ಊಹೆಯ ಮೇಲೆ ಯಾರನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ. ಕಣ್ಣು ಕಾಣದವರು ಅಥವಾ ತಾವೇ ಗುಂಡಿ ಒತ್ತಲಾಗದಷ್ಟು ದುರ್ಬಲರಾದವರು ಜೊತೆಗೊಬ್ಬರನ್ನು ಕರೆತರಬಹುದು. ಹಾಗೆ ಬಂದವರಿಗೆ 18 ತುಂಬಿರಬೇಕು, ಆ ದಿನ ಬೇರೆ ಯಾವ ಮತದಾರರಿಗೂ ಅವರು ಸಹಾಯಕರಾಗಿರಬಾರದು, ನೋಡಿದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಘೋಷಣಾಪತ್ರಕ್ಕೆ ಸಹಿ ಹಾಕಬೇಕು. ಆ ಸಹಿಯನ್ನು ಹಾಕಿಸಿಕೊಳ್ಳುವಾಗ ನಾನು ಮತ್ತೆ ಮತ್ತೆ ಕಂಡದ್ದೇನೆಂದರೆ, ಕೈ ನಡುಗುವ ಹಿರಿಯರಲ್ಲಿ ಅನೇಕರು ಮಗನನ್ನೋ ಮೊಮ್ಮಗಳನ್ನೋ ಬಾಗಿಲಲ್ಲೇ ನಿಲ್ಲಿಸಿ, ತಾವೊಬ್ಬರೇ ಒಳಗೆ ಹೋಗುತ್ತೇವೆಂದು ಹಟ ಹಿಡಿಯುತ್ತಾರೆ. ಎಷ್ಟೇ ತಡವಾದರೂ ಸಾಲಿನಲ್ಲಿರುವವರು ಕಾಯಬೇಕು. ಹಿರಿಯರ ಮತವನ್ನು ಬೇರೆಯವರು ಒತ್ತಿಬಿಡುತ್ತಾರೆ ಎಂಬ ಆತಂಕವಿದ್ದರೆ, ಅದಕ್ಕೆ ಪರಿಹಾರ ಈ ಬಗೆಯ ನಿಯಮಗಳನ್ನು ಬಿಗಿಯಾಗಿ ಪಾಲಿಸುವುದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಧನ್ಯವಾದಗಳು. ಮೇಲಿನ ಮಿತಿ ಕೂಡದು ಎಂಬ ವಿಷಯದಲ್ಲಿ ನನಗೆ ಸಂಶಯ ಉಳಿದಿಲ್ಲ. ಒಂದು ಉಪಪ್ರಶ್ನೆ ಇದೆ. ಮಕ್ಕಳ ಹಿತವನ್ನು ಲೆಕ್ಕಕ್ಕೆ ತರಲು, ಅವರ ಪರವಾಗಿ ತಂದೆ ತಾಯಿಯರಿಗೆ ಹೆಚ್ಚುವರಿ ಮತ ಕೊಡಬೇಕೆಂದು ಜನಸಂಖ್ಯಾ ತಜ್ಞ ಪಾಲ್ ಡೆಮೆನಿ 1986ರಲ್ಲಿ ಸೂಚಿಸಿದ್ದರು. ಇದರ ಬಗ್ಗೆ ತಮ್ಮ ಅಭಿಪ್ರಾಯವೇನು?

ಉತ್ತರ 1ನ್ನು ಬರೆದವರಿಂದ

ಆ ಸಲಹೆಯ ಹಿಂದಿನ ಕಳಕಳಿ ಅರ್ಥವಾಗುತ್ತದೆ. ಆದರೆ 15ರ ಮಗಳು ಒಪ್ಪದ ಪಕ್ಷಕ್ಕೆ ಅವಳದೇ ಹೆಸರಿನಲ್ಲಿ ತಂದೆ ಮತ ಹಾಕಿದರೆ, ಅದು ಅವಳ ಮತ ಹೇಗಾದೀತು? ಮತ ವೈಯಕ್ತಿಕವೂ ರಹಸ್ಯವೂ ಆಗಿರಬೇಕೆಂಬ ತತ್ತ್ವವನ್ನು ಬಿಟ್ಟುಕೊಡುವುದಕ್ಕಿಂತ, ಅವಳಿಗೇ 16ರಲ್ಲಿ ಮತ ಕೊಡುವುದು ಮೇಲು. ಎರಡನೆಯ ಉತ್ತರವನ್ನು ಓದಿದ ಮೇಲೆ ಅದಕ್ಕೆ ನನ್ನ ವಿರೋಧವೂ ಇಲ್ಲ.

ಇಳಿಸುವ ಮೊದಲು, ಈಗಿರುವ ಸಂಖ್ಯೆಯಾದರೂ ನಿಜವಾಗಿ ಜಾರಿಯಲ್ಲಿದೆಯೇ ಎಂದು ನೋಡಬೇಕು. ಭಾರತದಲ್ಲಿ ಬಹುಕಾಲ ಮತದಾರರ ಪಟ್ಟಿಗೆ ಅರ್ಹತಾ ದಿನಾಂಕ ಜನವರಿ 1 ಒಂದೇ ಆಗಿತ್ತು. ಜನವರಿ 2ರಂದು 18 ತುಂಬಿದವರು ಆ ವರ್ಷದ ಏಪ್ರಿಲ್-ಮೇ ತಿಂಗಳಿನ ಲೋಕಸಭಾ ಚುನಾವಣೆಯಲ್ಲಿ ಮತ ಹಾಕುವಂತಿರಲಿಲ್ಲ; ಲೋಕಸಭೆ ಅವಧಿ ಪೂರೈಸಿದರೆ, ಆ ಸದನಕ್ಕೆ ಅವರ ಮೊದಲ ಮತ ಬೀಳುತ್ತಿದ್ದುದು 23ರಲ್ಲಿ. 2021ರ ಕೊನೆಯಲ್ಲಿ ಕಾನೂನನ್ನು ತಿದ್ದಿ ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1ನ್ನೂ ಸೇರಿಸಲಾಯಿತು, 17 ತುಂಬಿದವರು ಮುಂಗಡವಾಗಿ ಅರ್ಜಿ ಸಲ್ಲಿಸಲು ಆಯೋಗವೂ ಅವಕಾಶ ಮಾಡಿಕೊಟ್ಟಿತು. ಯಾವ ದೇಶದಲ್ಲಾದರೂ ವಯೋಮಿತಿಯ ಚರ್ಚೆ ನಡೆಯುವಾಗ, ಅಲ್ಲಿನ ಅರ್ಹತಾ ದಿನಾಂಕ ಯಾವುದು, ಅರ್ಜಿಯನ್ನು ಎಷ್ಟು ಮೊದಲು ಹಾಕಬಹುದು ಎಂಬುದನ್ನು ಮೊದಲು ವಿಚಾರಿಸಿ.