ಕವನ ಓದೋರಿಗೆ ವ್ಯಾಪಾರ ಕೈ ಹತ್ತುತ್ತಾ?

ಬೆಲ್ಲದ ಮಂಡಿ, ಮಂಡ್ಯ: ನಮ್ಮ ಮಂಡಿಗೆ ಲೆಕ್ಕ ಬರೆಯೋಕೆ ಹೊಸ ಹುಡುಗ ಸೇರಿದ್ದಾನೆ. ಸ್ವಲ್ಪ ಬಿಡುವಾದ್ರೆ ಸಾಕು, ಕೈಲಿ ಕವನದ ಪುಸ್ತಕ. ‘ಇವನಿಂದ ವ್ಯಾಪಾರ ಉದ್ಧಾರ ಆದಂಗೇ’ ಅಂತಾನೆ ನಮ್ಮಣ್ಣ. ನನಗೆ ಹಾಗನ್ನಿಸಲ್ಲ. ಬಾಕಿದಾರರಿಗೆ ನಾವು ಕಳಿಸ್ತಿದ್ದ ವಾಟ್ಸ್ಯಾಪ್ ಇದು: ‘ಮಾನ್ಯರೇ, ತಮ್ಮ ಬಾಕಿ ಮೊತ್ತವನ್ನು ಕೂಡಲೇ ಪಾವತಿಸತಕ್ಕದ್ದು, ತಪ್ಪಿದಲ್ಲಿ ಸರಕು ನಿಲ್ಲಿಸಲಾಗುವುದು.’ ಓದಿ ಸುಮ್ಮನಾಗೋರು. ಹುಡುಗ ತಿದ್ದಿದ: ‘ಅಣ್ಣಾ, ಯುಗಾದಿ ಬೆಲ್ಲದ ದುಡ್ಡು ಉಳಿದಿದೆ. ಶುಕ್ರವಾರ ಆ ಕಡೆ ಬರ್ತೀನಿ.’ ಅವರೇ ಫೋನ್ ಮಾಡೋಕೆ ಶುರು ಮಾಡಿದ್ರು! ಇದು ಓದಿನ ಗುಣ ಅಂತ ನನ್ನ ವಾದ. ಏನಂತೀರಿ?

ಲೆಕ್ಕಿಗ, ಸರಸ್ವತಿಪುರಂ: ಕಾವ್ಯವೂ ಇಲ್ಲ, ಏನೂ ಇಲ್ಲ ಸ್ವಾಮಿ. ಶುಕ್ರವಾರ ಬರ್ತೀನಿ ಅಂದ್ರಲ್ಲ, ಅದು ಕೆಲಸ ಮಾಡಿದ್ದು. ನಾನು ಅಂಗಡಿಗಳ ಜಿಎಸ್‌ಟಿ ನೋಡೋನು. ರಿಟರ್ನ್ ಸಲ್ಲಿಸೋ 20ನೇ ತಾರೀಕು ಹತ್ರ ಬಂದಾಗ ಯಾವ ಪದ್ಯವೂ ಕೈ ಹಿಡಿಯಲ್ಲ.

ನಿವೃತ್ತ ಮೇಷ್ಟ್ರು, ಕುವೆಂಪುನಗರ: ಅಮೆರಿಕದ ಕವಿ ವಾಲೇಸ್ ಸ್ಟೀವನ್ಸ್ 1934ರಲ್ಲಿ ಹಾರ್ಟ್‌ಫರ್ಡ್‌ನ ಒಂದು ವಿಮಾ ಕಂಪನಿಗೆ ಉಪಾಧ್ಯಕ್ಷರಾದರು. ಆಫೀಸಿಗೆ ನಡೆದು ಹೋಗುತ್ತಲೇ ಪದ್ಯ ಕಟ್ಟುತ್ತಿದ್ದರು. 1955ರಲ್ಲಿ ಕಾವ್ಯಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಕವಿ ಟಿ.ಎಸ್. ಎಲಿಯಟ್ ಕೂಡ 1917ರಿಂದ 1925ರವರೆಗೆ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿದ್ದರು.

ಲೆಕ್ಕಿಗ: ಇಬ್ಬರೂ ಸಂಬಳದೋರು, ಮೇಷ್ಟ್ರೇ. ಒಂದನೇ ತಾರೀಕು ಸಂಬಳ ತಗೊಳ್ಳೋದು ಬೇರೆ, ಕೊಡೋದು ಬೇರೆ.

ನಿವೃತ್ತ ಮೇಷ್ಟ್ರು: ಹಾಗಾದರೆ ನಮ್ಮವರನ್ನೇ ತಗೊಳ್ಳಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಕಸುಬು ಬಿಟ್ಟು ವಚನ ಹೇಳಿದವರಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ‘ಈಸಕ್ಕಿಯಾಸೆ ನಿಮಗೇಕೆ’ ಅಂತ ವಾಪಸ್ ಕಳಿಸಿದಳು.

ರೈಸ್ ಮಿಲ್, ಮದ್ದೂರು: ಲಕ್ಕಮ್ಮನ ಮಾತು ಕೇಳಿದ್ರೆ ನನ್ನ ಮಿಲ್ಲಿಗೆ ಬೀಗ ಬೀಳುತ್ತೆ ಸಾರ್ 😀 ಆದ್ರೂ ರೇಟ್ ಏರುತ್ತೆ ಅಂತ ಮೂಟೆ ಪೇರಿಸಿಟ್ಟು ಹುಳ ಬೀಳಿಸ್ಕೊಂಡೋರನ್ನ ಬೇಕಾದಷ್ಟು ನೋಡಿದ್ದೀನಿ. ಅವರಿಗೆ ಯಾರಾದ್ರೂ ಇದನ್ನ ಹೇಳ್ಬೇಕಿತ್ತು.

ಊದುಬತ್ತಿ ವ್ಯಾಪಾರ, ಮೈಸೂರು: ಕಾವ್ಯ ಪ್ರೇಮ ಅಂತ ಡಬ್ಬಿ ಮೇಲೆ ಪ್ರಾಸ ಜೋಡಿಸೋರನ್ನ ಕಂಡ್ರೆ ನನಗೂ ಆಗಲ್ಲ. ಅದರಿಂದ ಒಂದು ಪ್ಯಾಕೆಟ್ಟೂ ಹೆಚ್ಚಿಗೆ ಹೋಗಲ್ಲ. ನನಗೆ ಉಪಯೋಗ ಆಗಿದ್ದು ಬೇರೆ ಕಡೆ. ಗೋಡೌನ್ ಬಾಡಿಗೆ ಕರಾರಿನಲ್ಲಿ ‘ಬಾಡಿಗೆಯನ್ನು ಕಾಲಕಾಲಕ್ಕೆ ಪರಿಷ್ಕರಿಸತಕ್ಕದ್ದು’ ಅಂತಿತ್ತು. ನಮ್ಮನೆಯವರು ಸಹಿ ಹಾಕೋಕೆ ಪೆನ್ನು ತೆಗೆದಿದ್ರು. ಪದ್ಯ ಓದೋ ಚಾಳಿ ನನ್ನದು, ಸಾಲಿನ ಮೇಲೆ ಕಣ್ಣು ನಿಂತುಬಿಡುತ್ತೆ. ಪರಿಷ್ಕರಿಸೋದು ಯಾರು? ಎಷ್ಟು ತಿಂಗಳಿಗೊಮ್ಮೆ? ಎಷ್ಟು ಪರ್ಸೆಂಟು? ಏನೂ ಇಲ್ಲ! ವರ್ಷಕ್ಕೊಮ್ಮೆ, ಐದು ಪರ್ಸೆಂಟ್ ಮೀರದ ಹಾಗೆ ಅಂತ ಬರೆಸಿದ ಮೇಲೇ ಸಹಿ.

ಲೆಕ್ಕಿಗ: ಅದು ವಕೀಲರು ನೋಡಬೇಕಾದ ಕೆಲಸ ಮೇಡಂ.

ಊದುಬತ್ತಿ ವ್ಯಾಪಾರ: ವಕೀಲರೇ ಬರೆದ ಕರಾರು ಸಾರ್ ಅದು.

ಲೆಕ್ಕಿಗ: ಸರಿ, ಇದೊಂದನ್ನ ಒಪ್ಕೋತೀನಿ. ಮಂಡಿಯವರೇ, ಮೆಸೇಜ್ ಚೆನ್ನಾಗಿ ಬರೆದ ಅಂತ ಹುಡುಗನ ಕೈಗೆ ಪೂರ್ತಿ ಲೆಕ್ಕ ಒಪ್ಪಿಸಿಬಿಡಬೇಡಿ. ಮೊದಲು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು ನಗದು ಪುಸ್ತಕದ ಜೊತೆ ತಾಳೆ ಹಾಕಿಸಿ. ಅದರಲ್ಲೂ ಅವನ ಕಣ್ಣು ಹೀಗೇ ನಿಲ್ಲುತ್ತಾ ನೋಡೋಣ.